ಮಲಗಿದ ಕುದುರೆ

ಬೇಟೆಗೆ ಕಾನೂನಿನ ತಡೆ ಇನ್ನೂ ಬಂದಿರದ ಕಾಲ. ಗೌಜಲಹಕ್ಕಿ ಹೊಡೆಯುವುದನ್ನು ಕಲಿಯಲು ಪಾಲಯ್ಯ ಹೊಳೆ ದಾಟಿ ಮುದುಕ ಗಾದ್ರಯ್ಯನ ಬಳಿಗೆ ಬಂದ. ತೀರಿಹೋದ ಅಪ್ಪನ ಜೋಡುನಳಿಗೆ ಕೋವಿ ಅವನ ಹೆಗಲ ಮೇಲಿತ್ತು.

ಹಳೆಯ ಕೋವಿ. ಒಂದೊಂದು ನಳಿಗೆಗೂ ಹೊರಗೇ ಒಂದೊಂದು ಕುದುರೆ, ಅಂದರೆ ಬಡಿದು ತೋಟಾ ಸಿಡಿಸುವ ಕೊಕ್ಕೆ. ಹೆಬ್ಬೆರಳಲ್ಲಿ ಹಿಂದಕ್ಕೆಳೆದರೆ ಕುದುರೆ ಎದ್ದು ನಿಲ್ಲುತ್ತದೆ. ಆಮೇಲೆ ಟ್ರಿಗರ್ ಒತ್ತುವುದೊಂದೇ ಬಾಕಿ.

ಗಾದ್ರಯ್ಯ ತೋಟಾಗಳನ್ನೆಲ್ಲ ಕಿತ್ತುಕೊಂಡು ತನ್ನ ಸೊಂಟದ ಚೀಲಕ್ಕೆ ಹಾಕಿಕೊಂಡ.

"ನಾನು ಕೊಡೋವರೆಗೂ ಬರೀ ಕೋವಿ ಹೊರು."

ಮಳೆಗಾಲ ಮುಗಿದು ಚಳಿ ಬಂತು. ಊರಿನವರು ಅವನಿಗೆ ಖಾಲಿ ಪಾಲಯ್ಯ ಎಂದು ಹೆಸರಿಟ್ಟರು. ಹೆಂಡತಿ ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಮಸಾಲೆ ಅರೀಲಾ, ಇವತ್ತೂ ಸೊಪ್ಪಿನ ಸಾರಾ?"

ಒಂದು ದಿನ ಪಾಲಯ್ಯ ಎರಡೂ ಕುದುರೆಗಳನ್ನು ಎಬ್ಬಿಸಿಕೊಂಡೇ ನಡೆಯುತ್ತಿದ್ದ.

"ಅದ್ಯಾಕೋ ನಿಂತಿದೆ?" ಎಂದ ಗಾದ್ರಯ್ಯ.

"ಹಕ್ಕಿ ಎದ್ದ ಮೇಲೆ ಎಬ್ಬಿಸ್ತಾ ಕೂತರೆ ಅದು ನನಗೋಸ್ಕರ ಕಾಯುತ್ತಾ, ತಾತ? ಕುದುರೆ ನಿಂತೇ ನಿದ್ದೆ ಮಾಡುತ್ತೆ ಬಿಡಿ."

"ನಿಂತಿರೋದು ನಿದ್ದೆಯಲ್ಲಿದೆಯೋ ಎಚ್ಚರವಾಗಿದೆಯೋ, ನಿನಗೆ ಹೇಗೆ ಗೊತ್ತಾಗುತ್ತೆ? ಮಲಗಿಸು."

ಪಾಲಯ್ಯ ಕೋವಿಯನ್ನು ಮಡಚಿ ತೆರೆಯದೆ, ಹಾಗೇ ಹೆಬ್ಬೆರಳಿಟ್ಟು ಇಳಿಸಹೋದ. ಬೆವರಿದ ಬೆರಳು ಜಾರಿತು. ಕುದುರೆ ಟಪ್ಪೆಂದು ಬಡಿಯಿತು.

"ಯಾರು ಸತ್ತರು?"

"ಯಾರೂ ಇಲ್ಲ ತಾತ. ಖಾಲಿ ಕೋವಿ."

"ನಳಿಗೆ ಯಾರನ್ನು ನೋಡ್ತಿತ್ತು?"

ಪಾಲಯ್ಯ ನೋಡಿದ. ಮುದುಕನ ನಾಯಿ ಕೆಂಚ ದಾರಿಯಲ್ಲಿ ಮಲಗಿತ್ತು.

"ಕೆಂಚನನ್ನ."

"ಹಾಗಾದರೆ ಗುಂಡಿ ತೋಡು. ಹೂಳಬೇಕಲ್ಲ."

ಮುದುಕ ನಗಲಿಲ್ಲ. ಪಾಲಯ್ಯ ಹಾರೆ ತಂದು ಗಟ್ಟಿ ನೆಲದಲ್ಲಿ ಮಧ್ಯಾಹ್ನದವರೆಗೂ ತೋಡಿದ. ಗುಂಡಿ ಆದಾಗ ಕೆಂಚ ಬಂದು ಮೂಸಿ, ತಂಪಾಗಿದೆಯೆಂದು ಅದರೊಳಗೇ ಮಲಗಿತು.

"ಮೊದಲು ಕೋವಿ ತೆರಿ. ತೋಟಾ ತೆಗಿ. ಆಮೇಲೆ ಕುದುರೆ ಮಲಗಿಸು," ಎಂದ ಗಾದ್ರಯ್ಯ. "ಹಕ್ಕಿ ಎದ್ದಾಗ, ಕೋವಿ ಭುಜಕ್ಕೆ ಬರೋ ದಾರಿಯಲ್ಲೇ ಹೆಬ್ಬೆರಳಿನ ಕೆಲಸ ಮುಗೀಬೇಕು. ಅಷ್ಟು ದಾರಿ ಸಾಲದಿದ್ದರೆ ಆ ಹಕ್ಕಿ ನಿನ್ನದಲ್ಲ."

ಪಾಲಯ್ಯ ಖಾಲಿ ಕೋವಿಯನ್ನೇ ಎತ್ತಿದ, ಇಳಿಸಿದ. ಹೆಬ್ಬೆರಳಿನ ಚರ್ಮ ದಪ್ಪಗಾಯಿತು.

ಚಳಿ ಕಳೆಯುವ ಹೊತ್ತಿಗೆ, ಒಂದು ಬೆಳಗ್ಗೆ, ಇಬ್ಬರೂ ಕೆಂಚನೊಂದಿಗೆ ಕೊರಕಲಿನ ದಂಡೆಗೆ ಬಂದರು. ಒಂದು ಗೌಜಲಹಕ್ಕಿ ಬುರ್ರನೆ ಎದ್ದಿತು. ಗಾದ್ರಯ್ಯನ ಕೋವಿ ಭುಜಕ್ಕೆ ಬಂತು, ಕುದುರೆ ಎದ್ದಿತು. ಹಕ್ಕಿ ಆಚೆಯ ಪೊದೆಯ ಹಿಂದೆ ಇಳಿದುಬಿಟ್ಟಿತು. ಮುದುಕ ಹೊಡೆಯಲಿಲ್ಲ.

"ಆಚೆ ದಂಡೆಗೆ ಹೋಯ್ತು, ಬಾ."

ಕೊರಕಲಿಗೆ ಇಳಿಯಲು ಮುದುಕನಿಗೆ ಎರಡೂ ಕೈ ಬೇಕಿತ್ತು. ಕೋವಿಯ ಹಿಡಿಯನ್ನು ಶಿಷ್ಯನ ಕಡೆಗೆ ಚಾಚಿದ. ನಳಿಗೆ ಮುದುಕನದೇ ಎದೆಯನ್ನು ನೋಡುತ್ತಿತ್ತು.

"ಹಿಡಿ."

ಪಾಲಯ್ಯ ಕೈ ಚಾಚಲಿಲ್ಲ. ಹಿರಿಯರು ಕೊಟ್ಟದ್ದನ್ನು ಬೇಡವೆನ್ನುವ ಪದ್ಧತಿ ಆ ಸೀಮೆಯಲ್ಲಿ ಇರಲಿಲ್ಲ.

"ಹಿಡಿಯೋ. ಕೈ ನೋಯುತ್ತೆ."

"ಇಲ್ಲ ತಾತ."

"ನಾನು ಕೊಟ್ಟರೂ ಇಲ್ಲವಾ?"

"ನೀವು ಕೊಟ್ಟರೂ. ಅಲ್ಲಾಡಬೇಡಿ. ಮೊದಲು ನಳಿಗೆ ಮೇಲಕ್ಕೆ ತಿರುಗಿಸಿ. ಕುದುರೆ ನಿಂತಿದೆ."

ಗಾದ್ರಯ್ಯ ನಿಧಾನವಾಗಿ ನಳಿಗೆಯನ್ನು ಆಕಾಶಕ್ಕೆ ತಿರುಗಿಸಿದ. ಎದ್ದು ನಿಂತ ಕುದುರೆಯನ್ನು ಬಹಳ ಹೊತ್ತು ನೋಡಿದ. ಕೋವಿ ತೆರೆದು ಎರಡೂ ತೋಟಾ ತೆಗೆದ. ಕುದುರೆಯನ್ನು ಮಲಗಿಸಿದ.

ನಿನ್ನನ್ನು ಪರೀಕ್ಷೆ ಮಾಡಿದೆ ಎಂದು ಹೇಳಬಹುದಿತ್ತು.

"ಮರೆತಿದ್ದೆ," ಎಂದ.

ಆಮೇಲೆ ಆ ಎರಡು ತೋಟಾಗಳನ್ನು ಪಾಲಯ್ಯನ ಅಂಗೈಗೆ ಹಾಕಿ, ತನ್ನ ಖಾಲಿ ಕೋವಿಯನ್ನು ದಂಡೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಕೊರಕಲಿಗೆ ಇಳಿದ. ಪಾಲಯ್ಯ ಅವನ್ನು ಜೇಬಿನಲ್ಲಿಟ್ಟುಕೊಂಡೇ ದಾಟಿದ. ಆಚೆ ದಂಡೆಯಲ್ಲಿ ಕಾಲು ಗಟ್ಟಿಯಾಗಿ ನಿಂತ ಮೇಲೆ ತನ್ನ ಕೋವಿಗೆ ತುಂಬಿದ.

ಕೆಂಚ ಪೊದೆಗೆ ಮೂತಿ ಹಾಕಿತು. ಹಕ್ಕಿ ಎದ್ದಿತು, ಬಿಸಿಲಿನೊಳಕ್ಕೆ, ಎತ್ತರಕ್ಕೆ. ಕೋವಿ ಭುಜಕ್ಕೆ ಬರುವ ದಾರಿಯಲ್ಲೇ ಕುದುರೆ ಎದ್ದಿತು.

ಒಂದೇ ಈಡು. ಸದ್ದು ಹೊಳೆಯವರೆಗೂ ಹೋಗಿ ತಿರುಗಿ ಬಂತು. ಹಕ್ಕಿ ಬಯಲಿನ ನಡುವೆ ಬಿತ್ತು.

ಪಾಲಯ್ಯ ಅದರತ್ತ ಓಡಲಿಲ್ಲ. ನಿಂತಲ್ಲೇ ಕೋವಿ ತೆರೆದ. ಉಳಿದ ತೋಟಾವನ್ನು ತೆಗೆದು ಮುದುಕನತ್ತ ಚಾಚಿದ.

"ಇನ್ನೊಂದು ಕುದುರೆ?" ಎಂದ ಗಾದ್ರಯ್ಯ.

"ಅದು ಏಳಲೇ ಇಲ್ಲ ತಾತ. ಮಲಗಿದೆ."

ಮುದುಕ ಆ ತೋಟಾವನ್ನು ತೆಗೆದುಕೊಳ್ಳಲಿಲ್ಲ. ಸೊಂಟದ ಚೀಲವನ್ನೇ ಬಿಚ್ಚಿ ಶಿಷ್ಯನ ಹೆಗಲಿಗೆ ಹಾಕಿದ.

"ಹೋಗು, ಮಸಾಲೆ ಅರೆಯೋಕೆ ಹೇಳು."