ದರ್ಜಿಯ ಸೈಕಲ್ಲು, ಆಷಾಢದ ಗಾಳಿ

"ಗುರುಗಳೇ, ನಾನು ಮಾಗಿದ್ದೇನೆಯೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ರೇವಣಸಿದ್ಧ. ಮಠಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ದೂರದ ಊರೊಂದರಲ್ಲಿ ಮಠದ ಪೀಠ ಖಾಲಿ ಬಿದ್ದಿತ್ತು. ಆ ಊರಿನ ಭಕ್ತರು ಹಿಂದಿನ ದಿನ ಬಂದು, ಈತನನ್ನೇ ಕಳಿಸಿಕೊಡಿ ಎಂದು ಕೇಳಿ ಹೋಗಿದ್ದರು. ಗುರುಗಳು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಆ ಒಂದು ಮಾತಿಗಾಗಿ ರೇವಣಸಿದ್ಧ ಕಾಯುತ್ತಿದ್ದ.

"ಮೂರು ವರ್ಷದಿಂದ ನನಗೆ ಸಿಟ್ಟು ಬಂದಿಲ್ಲ," ಎಂದ. "ಧ್ಯಾನಕ್ಕೆ ಕೂತರೆ ಮನಸ್ಸು ಅಲುಗುವುದಿಲ್ಲ. ಹಸಿವು ಕಾಡುವುದಿಲ್ಲ. ಮೊದಲು ಬೆಟ್ಟವಾಗಿದ್ದದ್ದು ಈಗ ಬಯಲಾಗಿದೆ."

ಅಷ್ಟರಲ್ಲಿ ಅಡುಗೆಮನೆಯಿಂದ ಸಂಕವ್ವ ಬಂದು ಇಬ್ಬರ ಮುಂದೆಯೂ ಮಜ್ಜಿಗೆಯ ಲೋಟ ಇಟ್ಟು ಹೋದಳು. ಮಠದಲ್ಲಿ ಬಡಿಸುವವರು ನಾಲ್ವರು. ಆ ಹೊತ್ತಿನ ಸರದಿ ಅವಳದು. ರೇವಣಸಿದ್ಧ ಮಾತು ನಿಲ್ಲಿಸದೆ ಲೋಟ ಎತ್ತಿದ, ಕುಡಿದ, ಕೆಳಗಿಟ್ಟ.

"ಗಾಳಿ ಬಂದಾಗ ತೂರಿಕೋ ಎನ್ನುತ್ತಾರಲ್ಲ, ಗುರುಗಳೇ. ಈಗ ಗಾಳಿ ಬಂದಿದೆ. ಅಪ್ಪಣೆಯಾದರೆ ಹೊರಡುತ್ತೇನೆ."

"ತೂರುವವನು ಮೊದಲು ಗಾಳಿ ಎತ್ತಲಿಂದ ಬಂತು ಎಂದು ನೋಡುತ್ತಾನೆ. ಇಲ್ಲದಿದ್ದರೆ ಹೊಟ್ಟು ಅವನ ಕಣ್ಣಿಗೇ," ಎಂದರು ಗುರುಗಳು. "ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬ ದರ್ಜಿ ಹೆಂಗಸು ಇದ್ದಳು. ಇಪ್ಪತ್ತು ವರ್ಷ ಹೊಲಿಗೆ ಯಂತ್ರದ ಪೆಡಲು ತುಳಿದವಳು. ಅಷ್ಟು ತುಳಿದರೂ ಕೂತ ಜಾಗದಿಂದ ಒಂದು ಗೇಣು ಮುಂದೆ ಹೋದವಳಲ್ಲ. ಈ ಮಾತನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಆ ಊರಿನ ಬ್ಯಾಂಕಿನ ಅಧಿಕಾರಿಗೆ ವರ್ಗವಾಯಿತು. ಹೋಗುವಾಗ ಅವನು ತನ್ನ ರೋಡ್ ಸೈಕಲ್ಲನ್ನು ಅವಳ ಅಂಗಡಿಯಲ್ಲಿ ಬಿಟ್ಟು, ಬೇಕಾದರೆ ನೀವೇ ಇಟ್ಟುಕೊಳ್ಳಿ ಎಂದ. ಎರಡು ಬೆರಳು ಅಗಲದ ಗಾಲಿ, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು. ಮೂರು ದಿನ ಅವಳು ಅದನ್ನು ಸುಮ್ಮನೆ ನೋಡಿದಳು. ನಾಲ್ಕನೆಯ ದಿನ ಹತ್ತಿದಳು. ಆಗ ಅವಳಿಗೆ ನಲವತ್ತೆರಡು ವರ್ಷ.

ಗಂಡ ಕೆಟ್ಟವನಲ್ಲ. ಆದರೆ ಊರವರ ನಾಲಿಗೆಗೆ ಹೆದರುವವನು. ಅವನು ಒಂದೇ ಒಂದು ಷರತ್ತು ಹಾಕಿದ.

"ಹೋಗುದಿದ್ರ ಹೋಗು, ಬ್ಯಾಡನ್ನಂಗಿಲ್ಲ. ಆದ್ರ ನಿನ್ನ ತರಾಕ ಟೆಂಪೋ ಕಳಿಸಬೇಕಾತು ಅಂದ್ರ, ಆವತ್ತ ಈ ಸೈಕಲ್ ಗುಜರಿಗೆ."

"ಆಗ್ಲಿ," ಎಂದಳು.

ಮೊದಲ ದಿನ ಕೆರೆಯ ಏರಿಯವರೆಗೆ ಹೋಗಿ ಬಂದಳು. ಮೂರು ಕಿಲೋಮೀಟರು. ಮರುದಿನ ಯಂತ್ರದ ಮುಂದೆ ಕೂರಲು ಆಗಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಅವಳು ದರ್ಜಿ. ಹಳೆಯ ಕೌದಿಯ ತುಂಡು ಕತ್ತರಿಸಿ, ನಾಲ್ಕು ಪದರ ಮಾಡಿ, ತನ್ನ ಚೂಡಿದಾರದ ಒಳಗೆ ಕೂರುವ ಜಾಗಕ್ಕೆ ಹೊಲಿದುಕೊಂಡಳು. ಮೂರನೆಯ ದಿನ ಐದು ಕಿಲೋಮೀಟರು ಹೋದಳು. ತಿಂಗಳಾಗುವಷ್ಟರಲ್ಲಿ ಇಪ್ಪತ್ತು.

ಊರಿನ ಉತ್ತರಕ್ಕೆ ಒಂದು ಗುಡ್ಡ. ಅದರ ಏರಿನಲ್ಲಿ ಮೊದಲ ಸಲ ಅರ್ಧಕ್ಕೇ ಇಳಿದು ಸೈಕಲ್ಲು ತಳ್ಳಿದಳು. ಕುರಿ ಕಾಯುವವರು ನಕ್ಕರು. ಎರಡನೆಯ ಸಲವೂ ಅದೇ ಜಾಗ, ಅದೇ ನಗು. ಏಳು ಸಲ ಹೀಗಾದ ಮೇಲೆ ಅವಳಿಗೆ ತಿಳಿಯಿತು: ತಾನು ತುದಿಯನ್ನೇ ನೋಡುತ್ತಿದ್ದೇನೆ. ಹೊಲಿಯುವವಳು ಬಟ್ಟೆ ಎಷ್ಟು ಉದ್ದ ಎಂದು ನೋಡುವುದಿಲ್ಲ, ಸೂಜಿಯನ್ನು ನೋಡುತ್ತಾಳೆ. ಎಂಟನೆಯ ಸಲ ಮುಂದಿನ ಗಾಲಿಯ ಬುಡ ಮಾತ್ರ ನೋಡುತ್ತ ತುಳಿದಳು. ಗುಡ್ಡ ಮುಗಿದದ್ದು ಅವಳಿಗೆ ತಿಳಿದದ್ದೇ ಪೆಡಲು ಹಗುರವಾದಾಗ. ಅಂದು ಕುರಿ ಕಾಯುವವರು ನಗಲಿಲ್ಲ. ಒಬ್ಬ ಎದ್ದು ನಿಂತು ತನ್ನ ನೀರಿನ ಬಾಟಲಿ ಕೊಟ್ಟ.

ಬೇಸಿಗೆಯಲ್ಲಿ ಹೊತ್ತು ಹುಟ್ಟುವ ಮೊದಲೇ ಹೊರಟು, ಬಿಸಿಲು ಏರುವ ಮೊದಲು ಬಂದು ಅಂಗಡಿ ತೆರೆದಳು. ಮುಂಗಾರಿನ ಮೊದಲ ಮಳೆಯಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ ಸೈಕಲ್ಲು ಕದಲದಾಯಿತು. ಅದನ್ನು ಹೆಗಲ ಮೇಲೆ ಹೊತ್ತು ಡಾಂಬರಿನವರೆಗೆ ನಡೆದಳು. ಬಿದ್ದದ್ದು ಎರಡು ಸಲ. ಮೊಣಕೈ ತರಚಿತು. ಒಂದು ಸಲವೂ ಟೆಂಪೋ ಬೇಕಾಗಲಿಲ್ಲ. ಅವಳು ಎದ್ದು ಬಂದ ರೀತಿ ಕೇಳಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಆಷಾಢ ಬಂತು. ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಇಲ್ಲದ ತಿಂಗಳು ದರ್ಜಿಗೆ ಬಿಡುವು. ಇವತ್ತು ನಲವತ್ತು ಕಿಲೋಮೀಟರು ಹೋಗಿಯೇ ಬಿಡುತ್ತೇನೆ ಎಂದುಕೊಂಡು, ಆರೂವರೆಗೆ ಪೂರ್ವದ ರಸ್ತೆ ಹಿಡಿದಳು. ಅಷ್ಟು ದೂರ ಎಂದೂ ಹೋದವಳಲ್ಲ. ಆ ದಿಕ್ಕಿಗೆ ಬರೀ ಬಯಲು. ಗುಡ್ಡವಿಲ್ಲ, ಮರೆಯಿಲ್ಲ.

ಅಂದು ಅವಳ ಕಾಲಿಗೆ ರೆಕ್ಕೆ ಬಂದಿತ್ತು. ಪೆಡಲು ತಾನಾಗಿ ತಿರುಗುತ್ತಿತ್ತು. ಉಸಿರು ಏರಲಿಲ್ಲ, ಬೆವರು ಇಳಿಯಲಿಲ್ಲ. ಗಾಳಿಯ ಸದ್ದೂ ಕಿವಿಗೆ ಕೇಳಲಿಲ್ಲ. ಆಷಾಢದಲ್ಲೂ ಇವತ್ತು ಗಾಳಿಯೇ ಇಲ್ಲವಲ್ಲ, ನನ್ನ ಪುಣ್ಯ ಎಂದುಕೊಂಡಳು. ರಸ್ತೆಯ ದೂಳು ಅವಳ ಜೊತೆಜೊತೆಗೇ ಮುಂದಕ್ಕೆ ಓಡುತ್ತಿತ್ತು. ಬದಿಯ ಜಾಲಿಗಿಡಗಳೆಲ್ಲ ಪೂರ್ವಕ್ಕೆ ತಲೆಬಾಗಿದ್ದವು. ಅವಳು ನೋಡಲಿಲ್ಲ.

ಇಲ್ಲಿ ರೇವಣಸಿದ್ಧ ನಕ್ಕುಬಿಟ್ಟ. "ಗಾಳಿಯೇ ಇಲ್ಲ ಎಂದುಕೊಂಡಳೇ!"

"ನಗಬೇಡ," ಎಂದರು ಗುರುಗಳು. "ಬೆನ್ನಿಗೆ ಗಾಳಿ ಇದ್ದವರಿಗೆಲ್ಲ ಹಾಗೇ ಅನ್ನಿಸುತ್ತದೆ." ಮತ್ತೆ ಕತೆ ಮುಂದುವರಿಸಿದರು.

ನಲವತ್ತು ಕಿಲೋಮೀಟರಿಗೆ ತಿರುಗಬೇಕಿತ್ತು. ದಣಿವೇ ಇಲ್ಲದವಳು ಏಕೆ ತಿರುಗಬೇಕು? ಅರವತ್ತಕ್ಕೆ ಒಂದು ಹಳ್ಳಿ ಸಿಕ್ಕಿತು. ಒಂಬತ್ತು ಗಂಟೆ. ಚಹಾದ ಅಂಗಡಿಯಲ್ಲಿ ಕೂತು, ಎಲ್ಲಿಂದ ಬಂದೆ, ಎಷ್ಟು ಹೊತ್ತಿನಲ್ಲಿ ಬಂದೆ ಎಂದು ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು. ಮೊದಲ ದಿನದ ಮೂರು ಕಿಲೋಮೀಟರು ನೆನೆದು ತನ್ನ ಕಾಲನ್ನು ತಾನೇ ಸವರಿಕೊಂಡಳು. ಅಂಗಡಿಯವನು ಹಾರುತ್ತಿದ್ದ ತಾಡಪತ್ರಿಗೆ ಕಲ್ಲು ಇಡುತ್ತ ಎಲ್ಲ ಕೇಳಿಸಿಕೊಂಡ.

ಚಹಾ ಕುಡಿದು ಸೈಕಲ್ಲು ತಿರುಗಿಸಿದಳು. ಕಪಾಳಕ್ಕೆ ಹೊಡೆದ ಹಾಗೆ ಗಾಳಿ ಎದುರಾಯಿತು.

ಒಂದು ತಾಸು ತುಳಿದಳು. ಎಂಟು ಕಿಲೋಮೀಟರು ಸಾಗಿತ್ತು. ಇಳಿಜಾರಿನಲ್ಲೂ ತುಳಿಯದಿದ್ದರೆ ಸೈಕಲ್ಲು ನಿಲ್ಲುತ್ತಿತ್ತು. ಬಾಯಲ್ಲಿ ದೂಳು, ಕಣ್ಣಲ್ಲಿ ನೀರು. ಹಿಂದಿನಿಂದ ಒಂದು ಟೆಂಪೋ ಬಂದು ಪಕ್ಕಕ್ಕೆ ನಿಂತಿತು. ಅವಳ ಊರಿಗೇ ಹೋಗುವುದು, ಖಾಲಿ.

"ಅಕ್ಕಾರ, ಹತ್ರಿ," ಎಂದ ಡ್ರೈವರ್. "ಈ ಗಾಳ್ಯಾಗ ಎತ್ತೂ ನಡಿಯಂಗಿಲ್ಲ."

"ಮುಂಜಾನೆ ಇದ ರಸ್ತಾದಾಗ ಎರಡೂವರಿ ತಾಸಿನ್ಯಾಗ ಬಂದೀನ್ರಿ," ಎಂದಳು. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ.

ಡ್ರೈವರ್ ನಕ್ಕ. "ನೀವ ಬಂದ್ರೋ, ಗಾಳಿ ತಂದು ಬಿಡ್ತೋ?"

ಆಗ ಅವಳು ಜಾಲಿಗಿಡಗಳನ್ನು ನೋಡಿದಳು. ನಾಚಿಕೆಯಾಯಿತು. ದಣಿವಿಗಿಂತ ನಾಚಿಕೆಯೇ ದೊಡ್ಡದಾಗಿತ್ತು. ಚಹಾದ ಅಂಗಡಿಯಲ್ಲಿ ಕೊಚ್ಚಿಕೊಂಡದ್ದೆಲ್ಲ ನೆನಪಾಗಿ ಅಳು ಬಂತು, ಅತ್ತಳು. ಟೆಂಪೋದ ಹಲಗೆಯ ಮೇಲೆ ಕೈ ಇಟ್ಟಳು. ಹತ್ತಿದರೆ ಒಂದು ತಾಸಿನಲ್ಲಿ ಮನೆ. ಹತ್ತಿದರೆ ಸೈಕಲ್ಲು ಗುಜರಿಗೆ. ಅದಕ್ಕಿಂತ ಹೆಚ್ಚಿನದೊಂದು ಇತ್ತು: ಈಗ ಹತ್ತಿದರೆ, ತನ್ನ ಕಾಲಿನ ಬಲ ಎಷ್ಟು ಎಂದು ತನಗೆ ಎಂದಿಗೂ ತಿಳಿಯುವುದಿಲ್ಲ.

ಕೈ ತೆಗೆದಳು. "ನೀವ ನಡೀರಿ," ಎಂದಳು.

ಟೆಂಪೋ ಹೋಯಿತು. ಅವಳು ಹ್ಯಾಂಡಲ್ಲಿನ ಮೇಲೆ ಎದೆ ತಗ್ಗಿಸಿದಳು. ಎಲ್ಲಕ್ಕಿಂತ ಹಗುರವಾದ ಗೇರು ಹಾಕಿದಳು. ಮುಂದಿನ ಗಾಲಿಯ ಬುಡ ನೋಡಿದಳು. ಗಾಳಿ ಜೋರಾದಾಗ ಅದರ ಮೇಲೆ ಜಿದ್ದು ಸಾಧಿಸಲಿಲ್ಲ, ಬಿದ್ದುಹೋಗದಷ್ಟು ಮಾತ್ರ ತುಳಿದಳು. ಕಡಿಮೆಯಾದಾಗ ನಾಲ್ಕು ಮಾರು ಹೆಚ್ಚು ಗಳಿಸಿದಳು. ಒಂದೊಂದು ಕಿಲೋಮೀಟರು ಕಲ್ಲಿಗೂ ಇಳಿದು ಒಂದು ಗುಟುಕು ನೀರು ಕುಡಿದಳು. ದಾರಿಯ ಹೊಲದವರು ಕರೆದು ರೊಟ್ಟಿ ಕೊಟ್ಟರು, ತಿಂದಳು. ನಡೆದು ಬಂದಿದ್ದರೆ ಇದಕ್ಕಿಂತ ಸ್ವಲ್ಪವೇ ತಡವಾಗುತ್ತಿತ್ತು. ಆದರೂ ತುಳಿಯುತ್ತಲೇ ಬಂದಳು. ಬೆಳಿಗ್ಗೆ ಎರಡೂವರೆ ತಾಸಿನ ದಾರಿ, ತಿರುಗಿ ಬರುವಾಗ ಒಂಬತ್ತು ತಾಸಾಯಿತು.

ಅಷ್ಟರಲ್ಲಿ ಡ್ರೈವರ್ ಊರಿಗೆಲ್ಲ ಸುದ್ದಿ ಹಬ್ಬಿಸಿದ್ದ. ಊರ ಬಾಗಿಲಲ್ಲಿ ಹತ್ತು ಜನ ನಿಂತಿದ್ದರು. ಗಂಡನೂ ಇದ್ದ. ಪಕ್ಕದಲ್ಲೇ ಟೆಂಪೋ ನಿಲ್ಲಿಸಿಕೊಂಡಿದ್ದ. ಕಳಿಸಲು ಮನಸ್ಸಿಲ್ಲ, ಕಳಿಸದಿರಲು ಧೈರ್ಯವಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವಳು ಬರುವುದು ಕಾಣಿಸಿತು. ಗಂಡನ ಕಣ್ಣು ತುಂಬಿತು. ಅದನ್ನು ಮರೆಮಾಡಲು ದೊಡ್ಡ ದನಿಯಲ್ಲಿ ಜನರಿಗೆಲ್ಲ ಕೇಳುವಂತೆ ಹೇಳಿದ.

"ಅರವತ್ತು ಕಿಲೋಮೀಟರ್, ಎರಡೂವರಿ ತಾಸಿನ್ಯಾಗ ಹೋಗ್ಯಾಳ ನೋಡ್ರಿ ನನ್ನ ಹೇಣ್ತಿ!"

ಜನ ಶಹಬ್ಬಾಸ್ ಎಂದರು. ಸುಮ್ಮನಿದ್ದಿದ್ದರೆ ಆ ಹೊಗಳಿಕೆ ಪೂರಾ ಅವಳದೇ ಆಗಿರುತ್ತಿತ್ತು. ಅವಳು ಸೈಕಲ್ಲಿನಿಂದ ಇಳಿದಳು. ಗಂಡನ ಭುಜ ಹಿಡಿದು ನಿಂತಳು.

"ಹೋಗಿದ್ದು ಗಾಳಿ," ಎಂದಳು. "ಬಂದಿದ್ದು ನಾ."

ಎರಡು ದಿನ ಅವಳಿಗೆ ಹೊಲಿಯಲಾಗಲಿಲ್ಲ. ಮೂರನೆಯ ದಿನ ಮತ್ತೆ ಸೈಕಲ್ಲು ತೆಗೆದಳು. ಗಾಲಿಗೆ ಗಾಳಿ ತುಂಬಿ ಇಟ್ಟಿದ್ದವನು ಗಂಡ. ಅಂದು ಅವಳು ಪಶ್ಚಿಮಕ್ಕೆ ಹೋದಳು, ಗಾಳಿಗೆ ಎದುರಾಗಿ. ಅಂದಿನಿಂದ ಹಾಗೆಯೇ. ಹೊರಡುವ ಮೊದಲು ಒಂದು ಚಿಟಿಕೆ ಮಣ್ಣು ಎತ್ತಿ ಬಿಟ್ಟು, ಅದು ಹಾರುವ ದಿಕ್ಕು ನೋಡುತ್ತಾಳೆ. ಕಾಲಿಗೆ ಕಸುವು ಇರುವಾಗ ಎದುರು ಗಾಳಿ, ದಣಿದ ಮೇಲೆ ಬೆನ್ನ ಗಾಳಿ. ಈಗ ಒಂದು ಹಗಲಿನಲ್ಲಿ ಇನ್ನೂರು ಕಿಲೋಮೀಟರು ಹೋಗಿ ಬರುತ್ತಾಳೆ. ಯಾರಾದರೂ ಹೊಗಳಿದರೆ, ಅಂದು ಗಾಳಿ ಎತ್ತಲಿತ್ತು, ದಾರಿಯಲ್ಲಿ ನೀರು ಕೊಟ್ಟವರು ಯಾರು, ಎಲ್ಲ ಹೇಳಿ, ಆಮೇಲೆ ತನ್ನ ಪಾಲಿನ ಹೊಗಳಿಕೆ ತೆಗೆದುಕೊಳ್ಳುತ್ತಾಳೆ. ಅಂಥವಳಿಗೆ ನಾನು ಕೈಮುಗಿಯುತ್ತೇನೆ.

ಗುರುಗಳು ಕತೆ ನಿಲ್ಲಿಸಿ ತಮ್ಮ ಲೋಟದ ಮಜ್ಜಿಗೆ ಕುಡಿದರು.

ರೇವಣಸಿದ್ಧನ ಮುಖ ಅರಳಿತ್ತು. "ಎಂಥ ಹೆಣ್ಣುಮಗಳು!" ಎಂದ. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದ. "ಆದರೆ ಗುರುಗಳೇ, ಇಲ್ಲಿ ನನ್ನ ಬೆನ್ನಿಗೆ ಯಾವ ಗಾಳಿ ಇದೆ? ಹನ್ನೆರಡು ವರ್ಷ ಕೂತು ಸಾಧಿಸಿದವನು ನಾನೊಬ್ಬನೇ ಅಲ್ಲವೇ?"

ಗುರುಗಳು ಅವನ ಮುಂದಿದ್ದ ಖಾಲಿ ಲೋಟದ ಕಡೆ ಕೈ ತೋರಿಸಿದರು.

"ಈ ಮಜ್ಜಿಗೆ ನಿನಗೆ ತಂದುಕೊಟ್ಟವರು ಯಾರು?"

ರೇವಣಸಿದ್ಧ ಲೋಟ ನೋಡಿದ. ಬಾಯಿ ತೆರೆದ. ಹೆಸರು ಬರಲಿಲ್ಲ.