ಮೀಟದ ತಂತಿ

ಮಲಪ್ರಭೆಯ ದಂಡೆಯಲ್ಲಿ ಯೋನಾ ಮಾಸ್ತರರ ಎರಡು ಕೋಣೆಯ ಮನೆ. ಚಿಕ್ಕಂದಿನಲ್ಲಿ ಅವರು ಮಿಶನ್ ಚರ್ಚಿನ ಪೇಟಿ ನುಡಿಸಿದವರು, ಕಾಲಿಂದ ತುಳಿಯುತ್ತ ಎರಡೂ ಕೈಯಿಂದ ನುಡಿಸುವ ದೊಡ್ಡ ಹಾರ್ಮೋನಿಯಂ. ಪ್ರಾಯದಲ್ಲಿ ಹುಬ್ಬಳ್ಳಿಯ ರೈಲ್ವೆ ಕ್ಲಬ್ಬಿನಲ್ಲಿ ಜಾಝ್ ಗಿಟಾರು. ಈಗ ಕಲಿಯಲು ಬಂದವರಿಗೆ ಮೊದಲು ಚಹಾ, ಆಮೇಲೆ ಬೈಗುಳ.

ಅವರಲ್ಲಿಗೆ ಧಾರವಾಡದಿಂದ ಶಾಂಭವಿ ಬಂದಳು.

ಅಜ್ಜನ ಮುಂದೆ ಕೂತು ಹದಿನೈದು ವರ್ಷ ಸಿತಾರ ಕಲಿತವಳು. ಅಜ್ಜನಿಗೆ ಅವಳೊಬ್ಬಳೇ ಶಿಷ್ಯೆ. ಅಜ್ಜ ತೀರಿಕೊಂಡು ವರ್ಷ ತುಂಬುವ ಮೊದಲೇ, ಬಸ್ಸಿನ ಬಾಗಿಲಿಗೆ ಸಿಕ್ಕು ಅವಳ ಬಲಗೈಯ ಎರಡು ಬೆರಳು ಸೆಟೆದುಹೋದವು. ಮಡಚದ ಬೆರಳಿನಿಂದ ತಂತಿ ಮೀಟುವುದು ಹೇಗೆ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಅಜ್ಜನ ವಿದ್ಯಾ ನನ್ನ ಕೈಯಾಗ ಸತ್ತುಹೋತ್ರಿ ಮಾಸ್ತರ್ರ" ಎಂದು ಅತ್ತಳು. "ನೀವು ತಂತಿ ಮೀಟದನ ನುಡಸ್ತೀರಂತ. ಅದನ್ನರ ಕಲಸ್ರಿ."

ಅದಕ್ಕೆ ಟ್ಯಾಪಿಂಗ್ ಎನ್ನುತ್ತಾರೆ. ಗಿಟಾರಿನ ಕೊರಳ ಮೇಲೆ ಎರಡೂ ಕೈಯ ಬೆರಳಿನಿಂದ ತಂತಿಯನ್ನು ತಟ್ಟಿಯೇ ನುಡಿಸುವುದು.

ಮಾಸ್ತರರು ತಮ್ಮ ಹಳೆಯ ಎಲೆಕ್ಟ್ರಿಕ್ ಗಿಟಾರು ತೆಗೆದು ನುಡಿಸಿ ತೋರಿಸಿದರು. ಕಣ್ಣು ಮುಚ್ಚಿದರೆ ಇಬ್ಬರು ಕೂತು ನುಡಿಸಿದಂತಿತ್ತು.

"ಒಬ್ಬರ ಇದ್ದು ಇಬ್ಬರು ಹ್ಯಾಂಗ ಆಗ್ತೀರ್ರಿ?"

"ತಟ್ಟು, ನೋಡೂಣು" ಎಂದು ಗಿಟಾರನ್ನು ಅವಳ ತೊಡೆಯ ಮೇಲಿಟ್ಟರು.

ಒಂದು ತಿಂಗಳು ತಟ್ಟಿದಳು. ಕೆಟ್ಟ ಬೆರಳುಗಳ ಮೇಲೆ ಸೇಡು ತೀರಿಸಿಕೊಳ್ಳುವವಳ ಹಾಗೆ ತಟ್ಟಿದಳು. ಬೆರಳ ತುದಿ ಕೆಂಪಾಯಿತು, ವೇಗವೂ ಬಂತು. ಸಂಗೀತ ಮಾತ್ರ ಬರಲಿಲ್ಲ.

"ಹ್ಯಾಂಗೈತ್ರಿ?"

"ಕೋರ್ಟಿನ ಮುಂದ ಗಿಡದ ಬುಡಕ್ಕ ಕುಂತು ಟೈಪ್ ಮಾಡ್ತಾರಲ್ಲ, ಹಂಗೈತಿ. ಜಾಮೀನ ಅರ್ಜಿ ಆದ್ರ ನಡೀತೈತಿ."

ಶಾಂಭವಿಯ ಕಣ್ಣು ತುಂಬಿತು. "ಈ ಕೈಯಾಗ ಇನ್ನೇನೂ ಉಳದಿಲ್ರಿ."

ಮಾಸ್ತರರು ಎದ್ದು ಹೆಗಲ ಮೇಲಿನ ಟವೆಲ್ ತೆಗೆದರು. ಅವಳ ಬಲಗೈಯನ್ನು ಕುರ್ಚಿಯ ಬೆನ್ನಿಗೆ ಕಟ್ಟಿಬಿಟ್ಟರು.

"ಈಗ ನುಡಸು."

"ಎಡಗೈ ಬರೇ ಒತ್ತೂ ಕೈರಿ! ಅದಕ್ಕ ದನಿ ಎಲ್ಲೈತಿ?"

ಮಾಸ್ತರರು ಚಹಾದ ಬಸಿ ಹಿಡಿದು ಹೊಳೆಯ ಕಡೆ ಮುಖ ಮಾಡಿ ಕೂತರು.

ಅವಳಿಗೆ ಸಿಟ್ಟು ಬಂತು. ಎಡಗೈಯ ಉಂಗುರಬೆರಳನ್ನು ತಂತಿಯ ಮೇಲೆ ಬಡಿದಳು. ಸಣ್ಣ ದನಿ ಬಂತು. ಅದೇ ಸಿಟ್ಟಿನಲ್ಲಿ ಬೆರಳನ್ನು ಪಕ್ಕಕ್ಕೆ ಕಿತ್ತಳು. ಅದೇ ತಂತಿಯ ಮೇಲೆ ತೋರುಬೆರಳು ಒತ್ತಿ ಹಿಡಿದಿದ್ದ ಸ್ವರ ತಾನಾಗಿ ನುಡಿಯಿತು.

ಶಾಂಭವಿ ಬಗ್ಗಿ ತನ್ನ ಎಡಗೈಯನ್ನು ನೋಡಿದಳು.

ಇದು ಕೃಂತನ. ಸಿತಾರದಲ್ಲಿ ಎಡಗೈಯೊಂದರಿಂದಲೇ ಸ್ವರ ಕೀಳುವ ಕ್ರಮ. ಒಂಬತ್ತು ವರ್ಷದವಳಿದ್ದಾಗ ಅಜ್ಜ ಅವಳ ಬೆರಳು ಹಿಡಿದು ಕಲಿಸಿದ್ದು.

ಮತ್ತೆ ಕಿತ್ತಳು. ತಂತಿಯನ್ನು ಎಳೆದು ಸ್ವರ ಜಾರಿಸಿದಳು. ಅಜ್ಜ ಸಂಜೆ ಹೊತ್ತು ನುಡಿಸುತ್ತಿದ್ದ ಯಮನ್ ರಾಗ ತೊದಲುತ್ತ, ಒಂದೊಂದೇ ಸ್ವರವಾಗಿ ಬಂತು. ಅಳು ನಗು ಎರಡೂ ಒಟ್ಟಿಗೆ ಬಂದವು.

ಮಾಸ್ತರರು ಟವೆಲ್ ಬಿಚ್ಚಿದರು. ಸೆಟೆದ ಬೆರಳೊಂದನ್ನು ದಪ್ಪ ತಂತಿಯ ಮೇಲಿಟ್ಟರು.

"ಮಡಚೂದು ಬ್ಯಾಡ. ನಡಿಯೂವಾಗ ಹೆಜ್ಜಿ ಇಡ್ತೀಯಲ್ಲ, ಅಷ್ಟ. ಜಾಝಿನಾಗ ದಪ್ಪ ತಂತಿ ಹಿಂಗ ನಡೀತೈತಿ. ಹಾಡೂ ಕೈ ತನ್ನ ಪಾಡಿಗೆ ಹಾಡ್ಲಿ, ನಡಿಯೂ ಕೈ ನಡೀಲಿ. ನನಗಿದನ್ನ ಚರ್ಚಿನ ಪೇಟಿ ಕಲಿಸ್ತು."

ಬಲಗೈ ನಡೆಯಿತು. ಎಡವಿತು, ಮತ್ತೆ ನಡೆಯಿತು. ಮೇಲೆ ಎಡಗೈಯ ಯಮನ್.

ಹೊಳೆಯಿಂದ ನೀರು ತರುತ್ತಿದ್ದ ಹೆಂಗಸೊಬ್ಬಳು ಕೊಡ ಇಳಿಸಿ ನಿಂತಳು.

ಶಾಂಭವಿ ಗಾಬರಿಯಾಗಿ ನಿಲ್ಲಿಸಿದಳು.

"ಮಾಸ್ತರ್ರ, ಇದು ಸಿತಾರೋ, ಜಾಝೋ? ಯಾರರ ಕೇಳಿದ್ರ ಯಾರ ವಿದ್ಯಾ ಅಂತ ಹೇಳ್ಲಿ?"

"ಎಡಗೈಗೆ ಕಲಿಸಿದವ್ರು ಯಾರು?"

"ಅಜ್ಜಾರ್ರಿ."

"ಬಲಗೈಗೆ?"

"ನೀವ್ರಿ."

"ಮತ್ತ ನಡುವ ನೀ ಯಾಕ ಬಾಯಿ ಹಾಕ್ತಿ ಮಗಳ? ಹಿರ್‍ಯಾರು ಮಾತಾಡಾಕತ್ತಾರ, ಕೇಳು."