ಬೂದಯ್ಯ ಹಿಡಿದ ಸುತ್ತುದಾರಿ

ಮಕ್ಕಳೇ, ಮಂಗಟ್ಟೆ ಹಕ್ಕಿಯನ್ನು ನೀವು ನೋಡಿರಬಹುದು, ನೋಡದೆಯೂ ಇರಬಹುದು. ದೊಡ್ಡ ಬಾಗಿದ ಕೊಕ್ಕಿನ ಹಕ್ಕಿ ಅದು. ಅದರ ಸಂಸಾರದ ರೀತಿಯೇ ಬೇರೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಬಾಗಿಲಿಗೆ ಮಣ್ಣು ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಒಳಗೆ ಅದರ ಹಳೆಯ ಗರಿಗಳು ಉದುರಿ ಹೊಸವು ಬರುವವರೆಗೆ ಅದಕ್ಕೆ ಹಾರಲು ಬರುವುದಿಲ್ಲ. ಅಷ್ಟು ದಿನವೂ ಗಂಡು ತಂದರೆ ಊಟ, ಇಲ್ಲದಿದ್ದರೆ ಉಪವಾಸ.

ಒಂದು ಹೊಳೆಯ ದಂಡೆಯಲ್ಲಿ ಬೂದಯ್ಯನೆಂಬ ಮಂಗಟ್ಟೆ ಇದ್ದ. ಹೆಂಡತಿ ಹೊನ್ನವ್ವ ಎರಡು ಮರಿಗಳೊಂದಿಗೆ ಹೊನ್ನೆಮರದ ಪೊಟರೆಯಲ್ಲಿದ್ದಳು. ಬೂದಯ್ಯ ದಿನಕ್ಕೆ ಹತ್ತು ಸಲವಾದರೂ ಅತ್ತಿಮರಕ್ಕೆ ಹಾರಿ, ಗಂಟಲ ತುಂಬ ಹಣ್ಣು ತುಂಬಿಕೊಂಡು ಬಂದು, ಸೀಳಿನೊಳಗೆ ಒಂದೊಂದಾಗಿ ಕೊಡುತ್ತಿದ್ದ.

ಅತ್ತಿಮರದ ದಾರಿಯಲ್ಲೊಂದು ಬಂಡೆ. ಅಲ್ಲಿಗೊಬ್ಬ ಮುಸುವ, ಕಪ್ಪು ಮೋರೆಯ ಕೋತಿ, ಬಂದು ಕೂತ. ಅವನ ಮುಂದೆ ಬೇಲದ ಹಣ್ಣಿನ ಮೂರು ಚಿಪ್ಪು, ಒಂದು ಗುಲಗಂಜಿ.

"ಗುಲಗಂಜಿ ಯಾವ ಚಿಪ್ಪಿನ ಕೆಳಗಿದೆ ಹೇಳು, ಬೂದಯ್ಯ. ಒಂದು ಹಣ್ಣು ಪಣಕ್ಕಿಡು. ಸರಿಯಾದರೆ ಎರಡು ನಿನ್ನದು" ಎಂದ ಮುಸುವ.

ಬೂದಯ್ಯ ಇಟ್ಟ, ಗೆದ್ದ. ಮತ್ತೆ ಇಟ್ಟ, ಮತ್ತೆ ಗೆದ್ದ. ಆ ಸಂಜೆ ಹೊನ್ನವ್ವ, "ಇವತ್ತು ಒಳ್ಳೆ ಊಟವಾಯಿತು" ಎಂದಳು. ಹಣ್ಣು ಎಲ್ಲಿಂದ ಬಂತೆಂದು ಬೂದಯ್ಯ ಹೇಳಲಿಲ್ಲ.

ಮರುದಿನ ಸೋತ. ಸೋತದ್ದನ್ನು ಗೆಲ್ಲಲು ಮತ್ತೆ ಆಡಿದ. ಹಣ್ಣು ಮುಗಿದರೆ ಅತ್ತಿಮರಕ್ಕೆ ಹೋಗಿ ತುಂಬಿಕೊಂಡು ಬಂದು ಬಂಡೆಯ ಮೇಲೇ ಇಳಿಯುತ್ತಿದ್ದ. ಪೊಟರೆಗೆ ಬಂದಾಗ ಒಂದೋ ಎರಡೋ ಹಣ್ಣು ಉಳಿದಿರುತ್ತಿತ್ತು.

"ಮರದಲ್ಲಿ ಹಣ್ಣೇ ಇಲ್ಲ" ಎಂದು ಒಂದು ದಿನ ಹೇಳಿದ. "ಹದ್ದು ಅಟ್ಟಿಸಿಕೊಂಡು ಬಂತು" ಎಂದು ಇನ್ನೊಂದು ದಿನ. ಹೊನ್ನವ್ವ ನಂಬಿದಳು. ತನ್ನ ಪಾಲನ್ನೂ ಮರಿಗಳಿಗೇ ಕೊಟ್ಟಳು.

ಪಕ್ಕದ ಮರದಲ್ಲಿ ಕುಟ್ರು ಹಕ್ಕಿಯೊಂದಿತ್ತು. ಎಲ್ಲರೂ ಅವನನ್ನು ಕುಟ್ರಜ್ಜ ಎನ್ನುತ್ತಿದ್ದರು. ಅವನು ಬೂದಯ್ಯನನ್ನು ತಡೆದು, "ಗುಲಗಂಜಿ ಯಾವ ಚಿಪ್ಪಿನ ಕೆಳಗೂ ಇಲ್ಲಪ್ಪ. ಮುಸುವನ ಕೆನ್ನೆಯಲ್ಲಿದೆ" ಎಂದ.

ಬೂದಯ್ಯ ಮರುದಿನ ಕಣ್ಣಿಟ್ಟು ನೋಡಿದ. ನಿಜವೇ. ಆದರೂ ಹಣ್ಣು ಇಟ್ಟ. ಒಂದಲ್ಲ ಒಂದು ಸಲ ಮುಸುವ ಕೈತಪ್ಪಿಯಾದರೂ ಚಿಪ್ಪಿನ ಕೆಳಗೆ ಬಿಟ್ಟಾನು ಎಂದುಕೊಂಡ. ಮೋಸವೆಂದು ತಿಳಿದ ಮಾತ್ರಕ್ಕೆ ಚಟ ಬಿಡುವುದಿಲ್ಲ.

ಒಂದು ಸಂಜೆ ಬರಿಯ ಕೊಕ್ಕಿನಲ್ಲಿ ಬಂದ. ಪೊಟರೆಯೊಳಗಿಂದ ಟಕ್ ಟಕ್ ಎಂಬ ಸದ್ದು. ಹೊನ್ನವ್ವ ಮಣ್ಣಿನ ಗೋಡೆ ಕುಟ್ಟುತ್ತಿದ್ದಳು.

"ಏನು ಮಾಡುತ್ತಿದ್ದೀಯ? ನಿನಗಿನ್ನೂ ಗರಿ ಬಂದಿಲ್ಲ. ಕೆಳಗೆ ಬೀಳುತ್ತೀಯ."

"ಬಿದ್ದರೆ ಬೀಳುತ್ತೇನೆ. ಚಿಕ್ಕದು ಬೆಳಗಿನಿಂದ ದನಿ ಎತ್ತಿಲ್ಲ" ಎಂದಳು ಹೊನ್ನವ್ವ.

ಬೂದಯ್ಯನಿಗೆ ಕಾಲ ಕೆಳಗಿನ ಕೊಂಬೆಯೇ ಇಲ್ಲವಾದಂತಾಯಿತು. ಹದ್ದಿನ ಸುಳ್ಳಿನಿಂದ ಹಿಡಿದು ಮೊದಲ ದಿನದ ಗೆಲುವಿನವರೆಗೆ ಎಲ್ಲವನ್ನೂ ಹೇಳಿದ. ಗೋಡೆ ಕುಟ್ಟುವ ಸದ್ದು ನಿಂತಿತು.

"ಇನ್ನು ಆಡುವುದಿಲ್ಲ. ಮರಿಗಳ ಆಣೆ" ಎಂದ ಬೂದಯ್ಯ.

"ಮರಿಗಳ ಮೇಲೆ ಆಣೆ ಇಡಬೇಡಿ. ಅವುಗಳಿಗೆ ಹಣ್ಣು ತನ್ನಿ" ಎಂದಳು.

ಹೊತ್ತು ಮುಳುಗುವ ಮುನ್ನ ಹತ್ತಿರದಲ್ಲಿ ಸಿಕ್ಕಷ್ಟು ಕಾಡುಹಣ್ಣು ತಂದುಕೊಟ್ಟ. ಬೆಳಗಾಗುತ್ತಲೇ ಅತ್ತಿಮರಕ್ಕೆಂದು ಹೊರಟ. ಬಂಡೆ ಕಂಡಿತು. 'ಹೋದದ್ದನ್ನೆಲ್ಲ ಒಂದೇ ಸಲಕ್ಕೆ ಗೆದ್ದು ಬಿಟ್ಟುಬಿಡುತ್ತೇನೆ' ಎಂದುಕೊಂಡು ಇಳಿದ. ಅದನ್ನೂ ಸೋತ.

ನಾಚಿಕೆಯಿಂದ ಮನೆಗೆ ಹೋಗಲಾರದೆ ಕುಟ್ರಜ್ಜನ ಕೊಂಬೆಯಲ್ಲಿ ಕೂತ. ಅಜ್ಜ ಬೈಯಲಿಲ್ಲ. ಮೊದಲು ಎರಡು ಹಣ್ಣು ಕೊಟ್ಟು, "ಇದನ್ನು ಮಕ್ಕಳಿಗೆ ಕೊಟ್ಟು ಬಾ, ಆಮೇಲೆ ಮಾತು" ಎಂದ. ಬೂದಯ್ಯ ಕೊಟ್ಟು ಬಂದ.

"ನಾನು ಹಿಂದೆ ಅಲ್ಲೇ, ಇಂಥದೇ ಆಟದಲ್ಲಿ, ನನ್ನ ಗೂಡನ್ನೇ ಪಣಕ್ಕಿಟ್ಟು ಕಳೆದುಕೊಂಡವನು. ಈಗಲೂ ಆ ಬಂಡೆಯ ಮೇಲೆ ಹಾರುವುದಿಲ್ಲ" ಎಂದ ಅಜ್ಜ.

"ಇಷ್ಟು ವರ್ಷವಾದ ಮೇಲೂ ಭಯವೇ, ಅಜ್ಜ?"

"ಭಯವಲ್ಲಪ್ಪ, ನನ್ನ ಮನಸ್ಸಿನ ಗುರುತು ನನಗಿದೆ. ನೀನೂ ಹೊಳೆಯ ತಿರುವು ಸುತ್ತಿ ಆಲದ ಮರಕ್ಕೆ ಹೋಗು. ದಾರಿ ದುಪ್ಪಟ್ಟು, ಆದರೆ ಅಲ್ಲಿ ಮುಸುವನಿಲ್ಲ. ಮನಸ್ಸು ಎಳೆದಾಗ ನನ್ನನ್ನು ಕೂಗು."

ಅಂದಿನಿಂದ ಬೂದಯ್ಯ ಸುತ್ತುದಾರಿ ಹಿಡಿದ. ದಾರಿಯಲ್ಲಿ ರೆಕ್ಕೆ ತಾನಾಗಿ ಬಂಡೆಯತ್ತ ವಾಲಿದಾಗ ಕೂಗುತ್ತಿದ್ದ. ದೂರದಿಂದ "ಕುಟ್ರೂ, ಕುಟ್ರೂ" ಎಂದು ಉತ್ತರ ಬರುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ತಿರುವು ದಾಟುತ್ತಿದ್ದ.

ಮುಸುವನೇ ಒಂದು ದಿನ ಆಲದ ಮರಕ್ಕೆ ಬಂದ. "ಹಳೆಯ ಗೆಳೆಯ ನೀನು. ಒಂದಾಟ ಪುಕ್ಕಟೆ ಆಡು. ಸೋತರೂ ನಾನು ಏನೂ ಕೇಳುವುದಿಲ್ಲ" ಎಂದು ಚಿಪ್ಪುಗಳನ್ನು ಹರವಿದ.

ಬೂದಯ್ಯನ ಕಣ್ಣು ಚಿಪ್ಪುಗಳ ಮೇಲೆ ನಿಂತಿತು. ಅಜ್ಜನನ್ನು ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಅಂದು ಅಜ್ಜ ಬೇರೆ ಎಲ್ಲಿಗೋ ಹೋಗಿದ್ದ. ಗಂಟಲಲ್ಲಿ ಒಂದು ಹಣ್ಣೂ ಇರಲಿಲ್ಲ. ಹಾಗೆಯೇ ಎದ್ದು ನೇರ ಮನೆಗೆ ಹಾರಿದ.

"ಹಣ್ಣಿಲ್ಲ. ಮುಸುವ ಬಂದಿದ್ದ. ನನಗೆ ಆಡುವ ಆಸೆ ಬಂತು, ಅದಕ್ಕೇ ಓಡಿ ಬಂದೆ" ಎಂದ.

ಹೊನ್ನವ್ವ ಅವನನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ. "ಇಲ್ಲೇ ಕೂತಿರಿ. ಆಸೆ ಇಳಿದ ಮೇಲೆ ಹೋದರಾಯಿತು. ಮರಿಗಳು ಅಷ್ಟು ಹೊತ್ತು ತಡೆದುಕೊಳ್ಳುತ್ತವೆ" ಎಂದಳು.

ಕೂತ. ನೆರಳು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಸರಿಯಿತು. ಆಮೇಲೆ ಎದ್ದು ಹೋಗಿ ಗಂಟಲ ತುಂಬ ಹಣ್ಣು ತಂದ.

ದಿನಗಳು ಕಳೆದವು. ಚಿಕ್ಕ ಮರಿಯ ದನಿಯೇ ದೊಡ್ಡದರ ದನಿಗಿಂತ ಜೋರಾಯಿತು. ಹೊನ್ನವ್ವನಿಗೆ ಹೊಸ ಗರಿ ಬಂತು. ಒಂದು ಬೆಳಿಗ್ಗೆ ಗೋಡೆ ಒಡೆದು ಹೊರಬಂದಳು. ಒಳಗಿದ್ದ ಮರಿಗಳು ಬಾಗಿಲನ್ನು ಮತ್ತೆ ಮೆತ್ತಿಕೊಂಡವು. ಇನ್ನು ಇಬ್ಬರೂ ಸೇರಿ ಉಣಿಸಬೇಕು.

"ಅತ್ತಿಮರ ಹತ್ತಿರವಲ್ಲವೇ? ಬಂಡೆಯ ಮೇಲಿಂದ ಹೋದರೆ ಬೇಗ" ಎಂದಳು ಹೊನ್ನವ್ವ.

"ಬೇಗವೇ. ಆದರೆ ನಾನು ಆ ಕಡೆ ಹೋಗುವುದಿಲ್ಲ."

"ಈಗಲೂ?"

"ಈಗಲೂ."

ಹೊನ್ನವ್ವ ಅವನ ಮುಖ ನೋಡಿದಳು. ಆಮೇಲೆ ಹೊಸ ರೆಕ್ಕೆ ಬಿಚ್ಚಿ, ಅವನಿಗಿಂತ ಮೊದಲು, ಹೊಳೆಯ ತಿರುವಿನ ಕಡೆಗೆ ಹಾರಿದಳು.

ನೀತಿ: ಜೂಜಿನಲ್ಲಿ ಸೋತದ್ದನ್ನು ಜೂಜಾಡಿ ಗಳಿಸಲಾಗದು, ಚಟ ಬಿಡಿಸುವುದು ಒಂದು ದಿನದ ಆಣೆಯಲ್ಲ, ದಿನದಿನದ ಎಚ್ಚರ.